‘ಸೈರಾಟ್’ ಕತೆಯಿಂದ ಜಾತಿ ತೆಗೆದರೆ ಉಳಿಯುವುದೇನು?

ಸೊಲ್ಲಾಪುರದವಳು: ನಿನ್ನೆ ‘ಧಡಕ್’ (2018) ನೋಡಿದೆ. ನಾಗರಾಜ ಮಂಜುಳೆ ಅವರ ಮರಾಠಿ ‘ಸೈರಾಟ್’ (2016) ಚಿತ್ರದ ಹಿಂದಿ ರೀಮೇಕ್. ಮೂಲದಲ್ಲಿ ಆರ್ಚಿ ಊರ ಪಾಟೀಲರ ಮಗಳು, ಅವಳು ಪ್ರೀತಿಸಿ ಜೊತೆಗೆ ಓಡಿಹೋಗುವ ಪರ್ಶ್ಯಾ ಮೀನು ಹಿಡಿಯುವವರ ಮಗ. ಹಿಂದಿಯಲ್ಲಿ ಕತೆ ಉದಯಪುರಕ್ಕೆ ಹೋಗಿದೆ. ಜಾತಿಯ ಮಾತು ಬಂದ ಹಾಗೆ ಬಂದು ಹೋಗಿಬಿಡುತ್ತದೆ. ಹಾಗಾದರೆ ಕೊನೆಯಲ್ಲಿ ಹುಡುಗಿಯ ಮನೆಯವರು ಮಾಡುವ ಕೊಲೆ ಯಾಕಾಯ್ತು?

ಮೈಸೂರು ರಾಘು: ಪ್ರೇಮಕತೆಗೆ ರಾಜಕೀಯ ಬೇಕೇ ಬೇಕಾ? ಅಜಯ್-ಅತುಲ್ ಹಾಡುಗಳು, ಆರ್ಚಿ ಬುಲೆಟ್ ಓಡಿಸಿಕೊಂಡು ಬರುವುದು, ಜನ ಮತ್ತೆ ಮತ್ತೆ ನೋಡಿದ್ದು ಇವುಗಳಿಗೆ. ಭಾಷಣ ಕೇಳೋಕೆ ಯಾರೂ ಟಿಕೆಟ್ ತಗೊಳ್ಳಲ್ಲ.

ಸೊಲ್ಲಾಪುರದವಳು: ಅದರಲ್ಲಿ ಭಾಷಣ ಎಲ್ಲಿದೆ ರಾಘು ಅವರೇ? ಪಾಟೀಲರ ಮಗ ಪ್ರಿನ್ಸ್ ತರಗತಿಯಲ್ಲೇ ಮೇಷ್ಟ್ರ ಕೆನ್ನೆಗೆ ಬಾರಿಸುತ್ತಾನೆ. ಅವನಿಗೆ ಏನೂ ಆಗುವುದಿಲ್ಲ. ಪರ್ಶ್ಯಾನ ಅಪ್ಪ ತನ್ನ ಜಾತಿ ಪಂಚಾಯ್ತಿ ಮುಂದೆ ನಿಂತು, ಮಗ ಮಾಡಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ಈ ಎರಡು ಏಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕರ್ಮಾಳಾ ಕಡೆಯ ಕತೆ ಅದು, ನಮ್ಮ ಜಿಲ್ಲೆಯದೇ. ನಮ್ಮದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಆ ಬಾವಿ, ಕಬ್ಬಿನ ಗದ್ದೆ ನೋಡಿದರೆ ಯಾರ ಮನೆ ಅಂಗಳಕ್ಕೆ ಯಾರು ಎಷ್ಟು ದೂರ ಬರಬಹುದು ಅನ್ನೋದು ನನಗೆ ತಾನಾಗೇ ಗೊತ್ತಾಗುತ್ತದೆ.

ಭೀಮಾತೀರ: ಗೆಳೆಯರನ್ನೂ ಮರೆಯಬೇಡಿ. ಒಬ್ಬ ಸಲೀಂ. ಇನ್ನೊಬ್ಬ ಪ್ರದೀಪ್, ಕಾಲು ಊನ. ಊರೆಲ್ಲ ಅವನನ್ನು ‘ಲಂಗಡ್ಯಾ’ ಅಂತಲೇ ಕರೆಯುತ್ತದೆ. ಆ ಹೆಸರು ನನಗೆ ಚುಚ್ಚುತ್ತದೆ, ಆದರೆ ಊರಲ್ಲಿ ನಡೆಯೋದೇ ಹಾಗೆ. ಅವರಿಬ್ಬರನ್ನು ಕನಿಕರಕ್ಕೆ ಅಂತ ತಂದು ನಿಲ್ಲಿಸಿಲ್ಲ. ಪರ್ಶ್ಯಾನ ಜೊತೆ ಏಟು ತಿನ್ನುತ್ತಾರೆ, ಓಡುತ್ತಾರೆ.

ಅನಿತಾ: ನನಗೆ ಇಷ್ಟವಾದದ್ದು ಅವರಿಬ್ಬರೂ ಓಡಿಹೋಗಿ ಸೇರುವ ಹೈದರಾಬಾದಿನ ಭಾಗ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಡುಗಿ ಗುಡಿಸಲಿಗೆ ಬಂದು ಬೀಳುತ್ತಾಳೆ. ಕಾರ್ಖಾನೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಪರ್ಶ್ಯಾ ಅನುಮಾನ ಪಡುತ್ತಾನೆ, ಕೈ ಎತ್ತುತ್ತಾನೆ. ತುಳಿತಕ್ಕೆ ಒಳಗಾದವನು ಅಂತ ಅವನನ್ನು ದೇವರು ಮಾಡಿಲ್ಲ. ಆರ್ಚಿ ಬಿಟ್ಟು ಹೊರಟೇಬಿಡುತ್ತಾಳೆ. ಜಾತಿ ಬಗ್ಗೆ ಮಾತಾಡುವ ಎಷ್ಟೋ ಸಿನಿಮಾಗಳು ಹೆಣ್ಣಿನ ವಿಷಯ ಬಂದಾಗ ಸುಮ್ಮನಾಗುತ್ತವೆ.

ಮೈಸೂರು ರಾಘು: ಒಪ್ಪುತ್ತೇನೆ. ಆದರೆ ಕನ್ನಡದಲ್ಲೂ ಎಸ್. ನಾರಾಯಣ್ ಇದನ್ನೇ ‘ಮನಸು ಮಲ್ಲಿಗೆ’ (2017) ಅಂತ ಮಾಡಿದರು, ನಾಯಕಿ ಅದೇ ರಿಂಕು ರಾಜಗುರು. ‘ಸೈರಾಟ್’ನಷ್ಟು ಸದ್ದು ಆಗಲಿಲ್ಲ. ಅದಕ್ಕೇನಂತೀರಿ?

ಭೀಮಾತೀರ: ಮಂಜುಳೆ ಆ ಕಡೆಯ ಊರಿನವರೇ. ಅಲ್ಲಿನ ಮಾತು, ಅಲ್ಲಿನ ಮುಖಗಳನ್ನೇ ತಂದರು. ಕತೆಯನ್ನು ಎತ್ತಿಕೊಂಡು ಬರಬಹುದು, ಊರನ್ನು ತರೋದು ಕಷ್ಟ.

ಸೊಲ್ಲಾಪುರದವಳು: ಇನ್ನೊಂದು ಮಾತು. 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು: ವಯಸ್ಸಿಗೆ ಬಂದ ಇಬ್ಬರು ಮದುವೆಯಾಗಲು ಮನೆಯವರ ಅಥವಾ ಜಾತಿಯವರ ಒಪ್ಪಿಗೆ ಬೇಕಿಲ್ಲ. ಮರ್ಯಾದೆಗೇಡು ಹತ್ಯೆ ತಡೆಯಲು ಏನು ಮಾಡಬೇಕು ಅಂತಲೂ ಹೇಳಿತು. ಅದೇ ವರ್ಷ ಜುಲೈನಲ್ಲಿ ‘ಧಡಕ್’ ಬಂತು. ಅದರಲ್ಲಿ ಗಂಡ, ಮಗು ಮೇಲಿಂದ ಬೀಳುತ್ತಾರೆ, ಹುಡುಗಿ ಚೀರುತ್ತಾಳೆ. ‘ಸೈರಾಟ್’ನಲ್ಲಿ ತವರಿನವರು ಉಡುಗೊರೆ ತರುತ್ತಾರೆ, ಆರ್ಚಿ ಚಹಾ ಮಾಡಿಕೊಡುತ್ತಾಳೆ. ಆಮೇಲೆ ಸದ್ದೇ ಇಲ್ಲ. ಪುಟ್ಟ ಮಗು ಅಳುತ್ತಾ ಹೊರಗೆ ನಡೆಯುತ್ತದೆ, ನೆಲದ ಮೇಲೆ ಕೆಂಪು ಹೆಜ್ಜೆ. ಆ ಚಹಾ ಲೋಟಗಳನ್ನು ನಾನು ಇನ್ನೂ ಮರೆತಿಲ್ಲ.

ಮೈಸೂರು ರಾಘು: ಥಿಯೇಟರಿನಲ್ಲಿ ಆಗ ಯಾರೂ ಏಳಲಿಲ್ಲ. ದೀಪ ಹಾಕಿದ ಮೇಲೂ ಕೂತೇ ಇದ್ದೆವು. ಭಾನುವಾರ ಮತ್ತೆ ನೋಡುತ್ತೇನೆ, ಆ ಅಪ್ಪ ಕೆನ್ನೆಗೆ ಹೊಡೆದುಕೊಳ್ಳುವ ಕಡೆ ನಿಲ್ಲಿಸಿ. ಮೊದಲ ಸಲ ಅದನ್ನು ಗಮನಿಸಿಯೇ ಇರಲಿಲ್ಲ.