ಅಕ್ಕಿಯಲ್ಲಿ ರೇಡಿಯಂ: ಅಳತೆ ಕಡಿಮೆ ಬರುತ್ತಿರುವುದೇಕೆ?

ಪ್ರಶ್ನೆ: ಅಕ್ಕಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ, ಅಂದೇ ಜರ್ಮೇನಿಯಂ ಡಿಟೆಕ್ಟರಿನಲ್ಲಿಟ್ಟೆ (ಗಾಮಾ ಕಿರಣಗಳನ್ನು ಶಕ್ತಿಯಂತೆ ಬೇರ್ಪಡಿಸಿ ಎಣಿಸುವ ಉಪಕರಣ). ಪೊಟ್ಯಾಸಿಯಂ-40ರ 1460 ಕೆಇವಿ (ಕಿರಣದ ಶಕ್ತಿಯ ಮಾನ) ಗೆರೆ ಚೆನ್ನಾಗಿದೆ. ರೇಡಿಯಂ ಅಳೆಯಲು ನೋಡುವ ಬಿಸ್ಮತ್-214ರ 609 ಕೆಇವಿ ಗೆರೆ ತೀರಾ ಮಂಕು. ಎಲ್ಲಿ ತಪ್ಪಿದೆ?

ಉತ್ತರ 1: ರೇಡಿಯಂ ಕ್ಷಯಿಸಿ ರೇಡಾನ್ ಅನಿಲವಾಗುತ್ತದೆ, ಅದರಿಂದ ಮುಂದೆ ಬಿಸ್ಮತ್-214 ಬರುತ್ತದೆ. ಆ ರೇಡಾನ್ ಸೋರಿಹೋಗಿದೆ. ಅದರ ಅರ್ಧಾಯು 3.8 ದಿನ. ಡಬ್ಬಿಯನ್ನು ಕಂಠದವರೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ರೇಡಾನ್ ಮತ್ತೆ ತುಂಬಿಕೊಳ್ಳಲು ನಾಲ್ಕು ವಾರ ಬಿಡಿ, ಆಮೇಲೆ ಎಣಿಸಿ. ಬರೀ ತಿರುಪು ಮುಚ್ಚಳ ಸಾಲದು, ಅಂಚಿಗೆ ಎಪಾಕ್ಸಿ ಹಚ್ಚಿ.

ಉತ್ತರ 2: ಖಾಲಿ ಡಬ್ಬಿಯನ್ನೂ ಅಷ್ಟೇ ಹೊತ್ತು ಎಣಿಸಿ, ಆ ಎಣಿಕೆಯನ್ನು ಅಕ್ಕಿಯ ಎಣಿಕೆಯಿಂದ ಕಳೆಯಿರಿ. ರೇಡಿಯಂನದೇ 186 ಕೆಇವಿ ಗೆರೆಯನ್ನು ನಂಬಬೇಡಿ, ಯುರೇನಿಯಂ-235ರ ಗೆರೆ ಅಲ್ಲೇ ಬೆರೆಯುತ್ತದೆ. ಇದೇ ಸರಣಿಯಲ್ಲಿ ಮುಂದೆ ಬರುವ ಪೊಲೋನಿಯಂ-210 ಅಳೆಯಬೇಕಿದ್ದರೆ ಕುಲುಮೆಯಲ್ಲಿ ಸುಡಬೇಡಿ, ಆವಿಯಾಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ಕರಗಿಸಿ.

ಉತ್ತರ 3: ಅಪಾಯದ ಲೆಕ್ಕ: ಕೆಜಿಗೆ 0.1 ಬೆಕೆರೆಲ್ (ಸೆಕೆಂಡಿಗೆ ಆಗುವ ಕ್ಷಯಗಳ ಎಣಿಕೆ) ರೇಡಿಯಂ-226, ವರ್ಷಕ್ಕೆ 100 ಕೆಜಿ ಅಕ್ಕಿ, ವಯಸ್ಕರಿಗೆ ಗುಣಕ ಬೆಕೆರೆಲ್‌ಗೆ 0.28 ಮೈಕ್ರೋಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಮಾನ), ಒಟ್ಟು ವರ್ಷಕ್ಕೆ 2.8 ಮೈಕ್ರೋಸೀವರ್ಟ್. ಪೊಟ್ಯಾಸಿಯಂ ಅಂಕಿ ನೋಡಿ ಯಾರನ್ನೂ ಹೆದರಿಸಬೇಡಿ, ಹೆಚ್ಚಾದದ್ದನ್ನು ದೇಹವೇ ಹೊರಹಾಕುತ್ತದೆ.