ಡಿಸ್ಪರ್ಸ್ಡ್ ಕ್ಯಾಂಪಿಂಗ್: ‘ಬಿಡಿ ಬಿಡಾರ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಅರಿಜೋನಾದಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಲ್ಲಿನ ಮರುಭೂಮಿಯಲ್ಲಿ, ಸರ್ಕಾರದ ಜಾಗದಲ್ಲಿ, ಬಾಡಿಗೆ ಕೊಡದೆ ಟೆಂಟ್ ಹಾಕಿಕೊಂಡು ಉಳಿಯುವುದು ಹೇಗೆ ಅನ್ನುವುದು ವಿಷಯ. ಇದಕ್ಕೆ ಇಲ್ಲಿ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅನ್ನುತ್ತಾರೆ. ಊರಿಂದ ಬಂದ ಅಪ್ಪ ಅಮ್ಮಂದಿರೂ ಓದುವ ಕೈಪಿಡಿ ಇದು. ಅವರಿಗೆ ಓದಿದ ಕೂಡಲೇ ತಿಳಿಯುವ ಮಾತು ಬೇಕು.

‘ಉಚಿತ ಕ್ಯಾಂಪಿಂಗ್’ ಅಂದರೆ ಸಾಲದೇ ಎಂದು ಕೇಳಬಹುದು. ಸಾಲದು. ಉಚಿತ ಅಂದರೆ ಯಾರೋ ಏನೋ ಕೊಡುತ್ತಿದ್ದಾರೆ ಅನ್ನಿಸುತ್ತದೆ. ಇಲ್ಲಿ ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ಡಬ್ಬಿ ಇಲ್ಲ, ನಂಬರ್ ಹಾಕಿದ ಜಾಗವೂ ಇಲ್ಲ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ 4 ಲೀಟರ್ ನೀರು ನಾವೇ ಒಯ್ಯಬೇಕು. ಕಸ ಪೂರ್ತಿ ವಾಪಸ್ ತರಬೇಕು.

ಜಾಗ ಹೇಗಿರುತ್ತದೆ ಅಂತ ಹೇಳುತ್ತೇನೆ, ಪದ ಹುಡುಕಲು ಅನುಕೂಲ. ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದರೆ ಪಕ್ಕದಲ್ಲಿ ಸೊಂಟದೆತ್ತರದ, ಚಪ್ಪಟೆಯ ಕಂದು ಪಟ್ಟಿಯೊಂದು ನೆಟ್ಟಿರುತ್ತದೆ. ಅದರ ಮೇಲೆ ದಾರಿಯ ನಂಬರ್. ಸ್ವಲ್ಪ ಮುಂದೆ ಹೋದರೆ ಗಿಡ ಇಲ್ಲದ, ಚಕ್ರ ಹರಿದು ಗಟ್ಟಿಯಾದ ಜಲ್ಲಿ ನೆಲ. ನಡುವೆ ಕಲ್ಲು ಸುತ್ತಿಟ್ಟ ಒಲೆ, ಒಳಗೆ ಹಳೆ ಬೂದಿ. ಅಷ್ಟೇ. ಯಾರೋ ಮೊದಲು ಉಳಿದ ಗುರುತು ಅದು. ಅಂಥ ಜಾಗದಲ್ಲೇ ಇಳಿಯಬೇಕು, ಹೊಸ ನೆಲ ತುಳಿಯಬಾರದು. ಯೂಟಾ ಕಡೆ ಮರಳಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಹೆಪ್ಪುಗಟ್ಟಿದ ಜೀವಂತ ಪದರ ಇರುತ್ತದೆ. ಒಂದು ಸಲ ಕಾಲಿಟ್ಟು ಮುರಿದರೆ ಮತ್ತೆ ಕಟ್ಟಿಕೊಳ್ಳಲು ಎಷ್ಟೋ ವರ್ಷ ಬೇಕು.

ಈಗ ಪದಕ್ಕೆ ಬರೋಣ. ‘ಚದುರಿದ ಶಿಬಿರ’ ಎಂದು ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆ ಇಲ್ಲ. ಚದುರಿಸುವುದು ಅಂದರೆ ಪೊಲೀಸರು ಗುಂಪು ಚದುರಿಸುವುದು ನೆನಪಾಗುತ್ತದೆ. ಶಿಬಿರ ಅಂದರೆ ನೇತ್ರ ತಪಾಸಣೆ, ಯೋಗ, ಎನ್‌ಎಸ್‌ಎಸ್. ಯಾರೋ ಏರ್ಪಡಿಸಿದ್ದು, ಹೆಸರು ಬರೆಸಿ ಹೋಗುವಂಥದ್ದು. ಇದು ಅದಕ್ಕೆ ತದ್ವಿರುದ್ಧ.

‘ಬಯಲು ಬಿಡಾರ’ ಕೇಳಲು ಚೆನ್ನಾಗಿದೆ. ಆದರೆ ಬಯಲಿಗೆ ಹೋಗುವುದು ಅಂದರೆ ನಮ್ಮ ಹಳ್ಳಿಗಳಲ್ಲಿ ಬೇರೆಯೇ ಅರ್ಥ, ಅಲ್ವಾ? ಕೈಪಿಡಿಯಲ್ಲಿ ಆ ವಿಷಯವೂ ಬರುತ್ತದೆ: ನೀರಿನಿಂದ 200 ಅಡಿ ದೂರ, 6ರಿಂದ 8 ಇಂಚು ಆಳದ ಗುಂಡಿ ತೋಡಿ ಮುಚ್ಚಬೇಕು. ಎರಡೂ ಕಡೆ ಒಂದೇ ಮಾತು ಬಂದರೆ ಓದುವವರಿಗೆ ಗೊಂದಲ.

ನನ್ನ ಮನಸ್ಸು ‘ಬಿಡಿ ಬಿಡಾರ’ದ ಕಡೆ ಇದೆ. ಬಿಡಿಹೂವು ಅನ್ನುತ್ತೇವಲ್ಲ, ಮಾಲೆ ಕಟ್ಟದ್ದು, ಆ ಬಿಡಿ. ಡಿಸ್ಪರ್ಸ್ಡ್ ಅನ್ನುವುದರ ಸರಿಯಾದ ಅರ್ಥ ಇದೇ: ಸಾಲಾಗಿ ಕಟ್ಟಿದ ಕ್ಯಾಂಪ್‌ಗ್ರೌಂಡ್ ಅಲ್ಲ, ಒಂದೊಂದು ಒಂದೊಂದು ಕಡೆ. ಎಲ್ಲರ ಭಾರ ಒಂದೇ ಜಾಗದ ಮೇಲೆ ಬೀಳದಿರಲಿ ಅನ್ನುವ ಉದ್ದೇಶವೂ ಅದರಲ್ಲಿದೆ. ಬಿಡಾರ ಅಂದರೆ ಕಾಯಂ ಅಲ್ಲ ಅನ್ನುವುದೂ ತಿಳಿಯುತ್ತದೆ. ಇದು ಮುಖ್ಯ. ಬಿಎಲ್‌ಎಂ, ಅಂದರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನುವ ಕೇಂದ್ರ ಸರ್ಕಾರದ ಇಲಾಖೆಯ ಜಾಗದಲ್ಲಿ ಸಾಮಾನ್ಯವಾಗಿ 28 ದಿನಗಳಲ್ಲಿ 14 ದಿನ ಮಾತ್ರ ಇರಬಹುದು. ಆಮೇಲೆ ಬಿಡಾರ ಎತ್ತಿ ಹಲವು ಮೈಲಿ ಆಚೆ ಹೋಗಬೇಕು, ಬಹಳ ಕಡೆ 25 ಮೈಲಿ. ‘ಬಿಡಾರ ಎತ್ತು’ ಅನ್ನುವ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಕ್ವಾರ್ಟ್ಸೈಟ್ ಊರಿನ ಹತ್ತಿರ ಚಳಿಗಾಲ ಪೂರ್ತಿ ಇರಲು ಬಿಡುವ ಬೇರೆ ಜಾಗಗಳಿವೆ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ. ಅವಕ್ಕೆ ಹಣ ಕಟ್ಟಬೇಕು, ಹಾಗಾಗಿ ಅವು ಈ ಪದದೊಳಗೆ ಬರುವುದಿಲ್ಲ.

ಉತ್ತರ ಕರ್ನಾಟಕದ ‘ವಸ್ತಿ’ಯೂ ನನಗೆ ತುಂಬಾ ಇಷ್ಟ. ವಸ್ತಿ ಬಸ್ಸು ಅಂತ ಎಲ್ಲರಿಗೂ ಗೊತ್ತು, ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವುದು. ಒಂದು ರಾತ್ರಿಯ ಮಟ್ಟಿಗೆ ‘ವಸ್ತಿ ಮಾಡು’ ಅಂತ ಬಳಸುತ್ತೇನೆ. ಹತ್ತು ಹನ್ನೆರಡು ದಿನಕ್ಕೂ ಅದು ಒಗ್ಗುತ್ತದೆಯೇ? ಧಾರವಾಡ, ಬಿಜಾಪುರ ಕಡೆಯವರು ಹೇಳಬೇಕು.

ಇಲ್ಲಿ ವ್ಯಾನ್, ಆರ್‌ವಿ (ಒಳಗೇ ಉಳಿಯುವಂಥ ಮನೆ ಗಾಡಿ) ಜನ ಇದನ್ನೇ ಬೂನ್‌ಡಾಕಿಂಗ್ ಅನ್ನುತ್ತಾರೆ. ಮೂಲ ಟ್ಯಾಗಲಾಗ್ ಭಾಷೆಯ ಬುಂಡೊಕ್, ಅಂದರೆ ಬೆಟ್ಟ. ಫಿಲಿಪ್ಪೀನ್ಸ್‌ಗೆ ಹೋದ ಅಮೆರಿಕದ ಸೈನಿಕರು ತಂದ ಮಾತು. ಬೆಟ್ಟ ಹೋಗಿ ‘ದೂರದ ಮೂಲೆ’ ಆಯಿತು. ನಮ್ಮ ‘ಗುಡ್ಡಗಾಡು’ ಕೂಡ ಹೀಗೇ ಹಿಗ್ಗಿದೆ.

ಎರಡನೆಯ ತೊಡಕು ‘ಪಬ್ಲಿಕ್ ಲ್ಯಾಂಡ್’. ‘ಸರ್ಕಾರಿ ಜಮೀನು’ ಅಂದರೆ ಅಪಾಯ ಇದೆ. ಅರಿಜೋನಾದಲ್ಲಿ ಸ್ಟೇಟ್ ಟ್ರಸ್ಟ್ ಲ್ಯಾಂಡ್ ಅಂತ ಲಕ್ಷಾಂತರ ಎಕರೆ ಇದೆ. ಅದು ರಾಜ್ಯದ್ದೇ, ಆದರೆ ಪರ್ಮಿಟ್ ಇಲ್ಲದೆ ಉಳಿಯುವಂತಿಲ್ಲ. ನವಾಹೋ ಮೊದಲಾದ ಮೂಲನಿವಾಸಿಗಳ ನೆಲಕ್ಕೆ ಅವರದೇ ಅನುಮತಿ ಬೇಕು. ನಕಾಶೆಯಲ್ಲಿ ಬಿಎಲ್‌ಎಂ ಹಳದಿ, ಫಾರೆಸ್ಟ್ ಸರ್ವೀಸ್ ಹಸಿರು, ರಾಜ್ಯದ್ದು ನೀಲಿ, ಖಾಸಗಿ ಬಿಳಿ. ಬಹಳ ಕಡೆ ಇವು ಚದುರಂಗದ ಮಣೆಯ ಹಾಗೆ ಒಂದರ ಪಕ್ಕ ಒಂದು. ಬೇಲಿಯೂ ಇರುವುದಿಲ್ಲ.

‘ಗೋಮಾಳ’ ಅನ್ನೋಣವೇ ಎಂದು ಯೋಚಿಸಿದೆ. ಕಾರಣ ಇದೆ. ಬಿಎಲ್‌ಎಂ ಹುಟ್ಟಿದ್ದು 1946ರಲ್ಲಿ, ಹಳೆಯ ಭೂ ಕಚೇರಿಯನ್ನೂ ಮೇವಿನ ನೆಲ ನೋಡಿಕೊಳ್ಳುತ್ತಿದ್ದ ಗ್ರೇಜಿಂಗ್ ಸರ್ವೀಸನ್ನೂ ಸೇರಿಸಿ. ಈಗಲೂ ಅಲ್ಲಿ ದನ ಮೇಯುತ್ತವೆ. ದಾರಿಗೆ ಅಡ್ಡ ಗೇಟು ಸಿಕ್ಕರೆ ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದು. ಆದರೆ ಗೋಮಾಳ ಒಂದು ಊರಿನದು. ಇದು ಯಾವ ಊರಿಗೂ ಸೇರಿದ್ದಲ್ಲ, ಕೇಂದ್ರದ್ದು, ಮೇಯಿಸಲು ಪರವಾನಗಿ ಬೇಕು. ಚಿತ್ರದುರ್ಗ, ಚಿಕ್ಕಮಗಳೂರು ಕಡೆಯ ಅಮೃತ ಮಹಲ್ ದನಗಳ ಮೇವಿಗೆ ಮೀಸಲಿಟ್ಟ ‘ಕಾವಲು’ ಇನ್ನೂ ಹತ್ತಿರ, ಆದರೆ ಬೆಂಗಳೂರಿನ ಹುಡುಗರಿಗೆ ಕಾವಲು ಅಂದರೆ ವಾಚ್‌ಮನ್. ಸದ್ಯಕ್ಕೆ ‘ಕೇಂದ್ರದ ಬಯಲುನೆಲ’ ಅಂತ ಬರೆದಿದ್ದೇನೆ. ಉದ್ದ ಆಯಿತು. ಚಿಕ್ಕದು ಹೊಳೆದರೆ ತಿಳಿಸಿ.

ಒಂದು ಪದ ಮಾತ್ರ ಸಲೀಸಾಗಿ ಕೂತಿತು. ಅರಿಜೋನಾದ ನಕಾಶೆಗಳ ತುಂಬ ‘ಟ್ಯಾಂಕ್’ ಎಂದು ಕಾಣುತ್ತದೆ. ಹೆಚ್ಚಿನವು ದನಗಳಿಗೆಂದು ತೋಡಿದ ಸಣ್ಣ ಹೊಂಡಗಳು. ನಮ್ಮ ‘ಗೋಕಟ್ಟೆ’ ಅಲ್ಲದೆ ಮತ್ತೇನು? ಅಂಥ ನೀರಿನಿಂದ ಕಾಲು ಮೈಲಿ ಒಳಗೆ, ಪ್ರಾಣಿಗಳ ದಾರಿಗೆ ಅಡ್ಡವಾಗಿ ಬಿಡಾರ ಹೂಡುವುದನ್ನು ಇಲ್ಲಿನ ಕಾನೂನು ತಡೆಯುತ್ತದೆ. ಗೋಕಟ್ಟೆ ಅಂದರೆ ಕಾರಣವನ್ನು ಬೇರೆ ಹೇಳಬೇಕಿಲ್ಲ. ಜನ ಹತ್ತಿರ ಇದ್ದರೆ ದನ, ಜಿಂಕೆ ನೀರಿಗೆ ಬರುವುದಿಲ್ಲ.

ಕೊನೆಯದು ‘ವಾಶ್’. ವರ್ಷದಲ್ಲಿ ಹೆಚ್ಚು ಕಾಲ ಒಣಗಿದ್ದು, ಮಳೆ ಬಂದಾಗ ಮಾತ್ರ ಹರಿಯುವ ಮರಳ ಪಾತ್ರ. ಸಮತಟ್ಟಾಗಿ ಮೆತ್ತಗಿರುವುದರಿಂದ ಹೊಸಬರು ಅಲ್ಲೇ ಟೆಂಟ್ ಹಾಕಲು ಹೋಗುತ್ತಾರೆ. ಜುಲೈನಿಂದ ಸೆಪ್ಟೆಂಬರ್ ಇಲ್ಲಿ ಮಳೆಗಾಲ. ತಲೆ ಮೇಲೆ ಬಿಸಿಲಿದ್ದರೂ ಎಲ್ಲೋ ದೂರದ ಬೆಟ್ಟದಲ್ಲಿ ಬಿದ್ದ ಮಳೆ ಇಲ್ಲಿಗೆ ನುಗ್ಗಿ ಬರುತ್ತದೆ. ಜೀವ ಹೋಗುವ ವಿಷಯ ಇದು. ಪದ ನೋಡಿದ ಕೂಡಲೇ ಎಚ್ಚರ ಆಗಬೇಕು.

ನನ್ನ ಬಾಯಿಗೆ ಬರುವುದು ‘ಹಳ್ಳ’. ‘ಹಳ್ಳ ಬಂತು’ ಅಂದರೆ ಉತ್ತರ ಕರ್ನಾಟಕದಲ್ಲಿ ಓಡಿ ದಡ ಹತ್ತುತ್ತಾರೆ. ಆದರೆ ಬೆಂಗಳೂರಲ್ಲಿ ಬೆಳೆದವರಿಗೆ ಹಳ್ಳ ಅಂದರೆ ರಸ್ತೆ ಗುಂಡಿ. ‘ಒಣಹಳ್ಳ’ ಅಂದರೆ ಇನ್ನೂ ಕಷ್ಟ, ಒಣಗಿದೆ ತಾನೇ ಅಂತ ಸುಮ್ನೆ ಮಲಗಿಬಿಡುತ್ತಾರೆ. ಪಾವಗಡ, ಚಳ್ಳಕೆರೆ, ಕೊಪ್ಪಳದಂಥ ಬಯಲುಸೀಮೆಯಲ್ಲಿ ಇಂಥ ಪಾತ್ರಗಳು ಬೇಕಾದಷ್ಟಿವೆ. ಅಲ್ಲಿಯ ಕುರಿಗಾರರು, ರೈತರು ಏನನ್ನುತ್ತಾರೆ? ಊರಿನ ಹೆಸರಿನ ಜೊತೆ ಬರೆದು ಕಳಿಸಿ, ದಯವಿಟ್ಟು.