ಕಸದ ಚೀಲದಲ್ಲಿದ್ದ ಸೂಜಿ ಪೌರಕಾರ್ಮಿಕರ ಕೈಗೆ ಚುಚ್ಚಿದರೆ ಏನು ಮಾಡಬೇಕು?

ಪ್ರಶ್ನೆ (ಎಸ್.ಎಸ್.ಪುರಂ ನಿವಾಸಿ, ತುಮಕೂರು):
ನಿನ್ನೆ ಬೆಳಿಗ್ಗೆ ನಮ್ಮ ರಸ್ತೆಗೆ ಬಂದ ಕಸದ ಆಟೋದಲ್ಲಿ ಹಸಿ ಕಸ, ಒಣ ಕಸ ಬೇರ್ಪಡಿಸುತ್ತಿದ್ದ ಮಹಿಳೆಯ ಹೆಬ್ಬೆರಳಿಗೆ ಇನ್ಸುಲಿನ್ ಸೂಜಿ ಚುಚ್ಚಿತು. ಅವರು ಬೆರಳು ಹಿಂಡಿ ಎರಡು ಹನಿ ರಕ್ತ ತೆಗೆದು, ಸೆರಗಿಗೆ ಒರೆಸಿಕೊಂಡು, "ಇದೆಲ್ಲ ಇದ್ದಿದ್ದೇ ಸಾರ್" ಎನ್ನುತ್ತಾ ಪಕ್ಕದ ಮನೆಯ ಬಕೆಟ್ ಎತ್ತಿಕೊಂಡರು. ನನ್ನ ತಾಯಿಯವರೂ ದಿನಕ್ಕೆರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುವುದರಿಂದ ಅದು ನಮ್ಮ ಮನೆಯದೇ ಸೂಜಿ ಇರಬಹುದೆಂಬ ಅಳುಕು ನನಗಿದೆ. ಅವರಿಗೆ ಈಗ ಯಾವ ಚಿಕಿತ್ಸೆ ಬೇಕು, ಇನ್ನು ಮುಂದೆ ನಾವು ಸೂಜಿಗಳನ್ನು ಹೇಗೆ ಹೊರಹಾಕಬೇಕು?

ಉತ್ತರ 1 (ಶುಶ್ರೂಷಕಿ):
ಇದನ್ನು ಓದಿದ ಕೂಡಲೇ ಅವರನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ನಿರ್ಧರಿಸಿದರೆ, ಅದನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ತಪ್ಪದೆ ನುಂಗಬೇಕಾಗುತ್ತದೆ. ಎಲ್ಲರೂ ಹೆದರುವುದು ಎಚ್‌ಐವಿಗೆ, ಆದರೆ ಸೂಜಿಯ ಮೂಲಕ ಅದಕ್ಕಿಂತ ಬಹಳ ಸುಲಭವಾಗಿ ಹರಡುವುದು ಯಕೃತ್ತಿಗೆ ತಗಲುವ ಸೋಂಕಾದ ಹೆಪಟೈಟಿಸ್ ಬಿ. ಅದರ ವೈರಾಣು ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಬಲ್ಲದು. ಅದಕ್ಕೆ ಲಸಿಕೆ ಇದೆ: ಮೊದಲ ಡೋಸ್ ಆದ ಮೇಲೆ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದೂ ಕೇಳಿ. ಬೆರಳು ಹಿಂಡಬಾರದಿತ್ತು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದಿದ್ದರೆ ಸಾಕಿತ್ತು.
ಸೂಜಿಗಳನ್ನು ಖಾಲಿ ಫಿನಾಯಿಲ್ ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿಡಿ.

ಉತ್ತರ 2 (ಪೌರಕಾರ್ಮಿಕರ ಮಗಳು, ಕ್ಯಾತ್ಸಂದ್ರ):
ಡಬ್ಬಿಯನ್ನು ಕಸದ ಚೀಲದೊಳಗೆ ಹಾಕಬೇಡಿ, "ಸೂಜಿ ಇದೆ" ಎಂದು ಹೇಳಿ ಕೈಗೇ ಕೊಡಿ. 2016ರ ಘನತ್ಯಾಜ್ಯ ನಿಯಮಗಳೇ ಬಳಸಿದ ಸೂಜಿಯನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಗುರುತಿಸಿದ್ದವು. ಕೈಗವಸು, ಮಾಸ್ಕ್, ಬೂಟು, ರೇನ್‌ಕೋಟು ಕೊಡಬೇಕೆಂಬುದೂ ಅವುಗಳಲ್ಲೇ ಇತ್ತು. ಕೈಗವಸು ಹಾಕಿಕೊಳ್ಳುವುದಿಲ್ಲವೆಂದು ಅಮ್ಮನನ್ನು ಬೈಯುವವರು ಒಂದು ದಿನ ಅದನ್ನು ಹಾಕಿಕೊಂಡು ಹಾಲಿನ ಕವರಿನ ಗಂಟು ಬಿಚ್ಚಿ ನೋಡಲಿ. ದಪ್ಪನೆಯದರಲ್ಲಿ ಗಂಟು ಸಿಗುವುದಿಲ್ಲ, ತೆಳುವಾದದ್ದು ಸೂಜಿಯನ್ನು ತಡೆಯುವುದಿಲ್ಲ. ಮನೆಯಲ್ಲೇ ಬೇರ್ಪಡಿಸಿ ಕೊಟ್ಟರೆ ಅವರು ಗಂಟು ಬಿಚ್ಚುವ ಪ್ರಸಂಗವೇ ಬರುವುದಿಲ್ಲ.
ಇನ್ನೊಂದು ಮಾತು, ಪ್ರಶ್ನೆಗೆ ಹೊರತಾದರೂ ಹೇಳುತ್ತೇನೆ. ಕೆಲಸದ ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಅಮ್ಮ ಬೆಳಿಗ್ಗೆ ಐದೂವರೆಯಿಂದ ಹನ್ನೊಂದರವರೆಗೆ ನೀರು ಕುಡಿಯುತ್ತಿರಲಿಲ್ಲ. ಅವರಿಗೆ ಎರಡು ಬಾರಿ ಮೂತ್ರದ ಸೋಂಕಾದದ್ದು ಕಸದಿಂದಲ್ಲ, ಇದರಿಂದ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಇಂದು ಅವರನ್ನು ನಾನೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷೆಯಾಯಿತು, ಮಾತ್ರೆ ಕೊಟ್ಟರು, ಲಸಿಕೆಯ ಮೊದಲ ಡೋಸ್ ಹಾಕಿದರು. ಅರ್ಧ ದಿನದ ಸಂಬಳ ಹೋಗುತ್ತದೆಂದು ದಾರಿಯುದ್ದಕ್ಕೂ ಮೇಸ್ತ್ರಿಗೆ ಫೋನ್ ಮಾಡುತ್ತಲೇ ಇದ್ದರು. ಮುಂದಿನ ತಿಂಗಳ ಡೋಸ್‌ನ ತಾರೀಖನ್ನು ನಮ್ಮ ಮನೆಯ ಕ್ಯಾಲೆಂಡರಿನಲ್ಲಿ, ಅಮ್ಮನ ಇನ್ಸುಲಿನ್ ತರುವ ದಿನದ ಕೆಳಗೆ, ಗುರುತು ಹಾಕಿದ್ದೇನೆ.